ಅಂಗೈಯಲ್ಲಿ ಕೂರುವ ಕೌಬಾಯ್ ಜೀನು: ಮರದಲ್ಲಿ ಕೆತ್ತಿ, ಕಂಚಿನ ಮೈ ಕೊಡುವ ಬಗೆ

ಪಶ್ಚಿಮ ಅಮೆರಿಕದ ಹಳೆಯ ಕುದುರೆ ಜೀನೊಂದರ ಚರ್ಮವನ್ನು ಬಿಚ್ಚುತ್ತಾ ಹೋದರೆ ಕೊನೆಗೆ ಸಿಗುವುದು ಮರ. ಪೈನ್ ಅಥವಾ ಕಾಟನ್‌ವುಡ್‌ನಂಥ ಹಗುರ ಮರವನ್ನು ಕೆತ್ತಿ, ಹಸಿ ತೊಗಲನ್ನು ಒದ್ದೆಯಿರುವಾಗಲೇ ಅದರ ಮೇಲೆಳೆದು ಹೊಲಿಯುತ್ತಿದ್ದರು. ತೊಗಲು ಒಣಗುತ್ತಾ ಕುಗ್ಗಿ ಮರವನ್ನು ಕಬ್ಬಿಣದ ಪಟ್ಟಿಯಂತೆ ಬಿಗಿಹಿಡಿಯುತ್ತಿತ್ತು. ಹದ ಮಾಡಿದ ಚರ್ಮ ಕೂರುತ್ತಿದ್ದುದು ಆಮೇಲೆ. ಜೀನು ಮಾಡುವವರು ಈ ಅಸ್ಥಿಪಂಜರವನ್ನು ಕರೆಯುವುದೇ 'ಟ್ರೀ' ಎಂದು. ಹಾಗಾಗಿ ಪುಟ್ಟ ಜೀನು ಕೆತ್ತಲು ಉಳಿ ಹಿಡಿದು ಕೂತವರು ಅಸಲಿ ಕಸುಬುದಾರನ ಮೊದಲ ಕೆಲಸವನ್ನೇ ಮಾಡುತ್ತಿರುತ್ತಾರೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಫೋಟೋ ನೋಡಿಕೊಂಡು ಒಂದೇ ದಿಮ್ಮಿಯಿಂದ ಹೊರಗಿನ ಆಕಾರವನ್ನಷ್ಟೇ ಕೆತ್ತಿದ ಜೀನುಗಳನ್ನು ನಾನು ಬಹಳ ನೋಡಿದ್ದೇನೆ, ಮಾಡಿಯೂ ಇದ್ದೇನೆ. ಅವು ದಿಂಬಿನ ಹಾಗೆ ಕಾಣುತ್ತವೆ. ಕಂಚಿನ ಬಣ್ಣ ಬಂದ ಮೇಲಂತೂ ಚರ್ಮ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎನ್ನುವುದೇ ತಿಳಿಯುವುದಿಲ್ಲ. ಚರ್ಮದಲ್ಲಿ ಬಣ್ಣದ ವ್ಯತ್ಯಾಸ ಕಣ್ಣಿಗೆ ಸಹಾಯ ಮಾಡುತ್ತದೆ. ಕಂಚಿನಲ್ಲಿ ಇಡೀ ವಸ್ತು ಒಂದೇ ಬಣ್ಣ, ಅಲ್ಲಿ ಮಾತಾಡುವುದು ನೆರಳು ಮಾತ್ರ. ನೆರಳು ಬೀಳಬೇಕಾದರೆ ಪದರಗಳು ನಿಜವಾಗಿಯೂ ಒಂದರ ಮೇಲೊಂದು ಇರಬೇಕು. ಆದ್ದರಿಂದ ಒಳಗಿನಿಂದ ಹೊರಕ್ಕೆ, ಜೀನುಗಾರ ಕಟ್ಟಿದ ಕ್ರಮದಲ್ಲೇ ಕಟ್ಟೋಣ.

ಯಾವ ಜೀನು?

ಕೌಬಾಯ್ ಜೀನೆಂದರೆ ಒಂದೇ ಬಗೆಯದಲ್ಲ. ಮೂಲ ಮೆಕ್ಸಿಕೋದ ದನಗಾಹಿಗಳಾದ ವಕೇರೋಗಳ ಜೀನು. ಅದು ಟೆಕ್ಸಸ್‌ನಲ್ಲಿ ಒಂದು ರೂಪ ತಳೆಯಿತು, ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು. ಟೆಕ್ಸಸ್‌ನವರು ಹಗ್ಗದ ತುದಿಯನ್ನು ಜೀನಿನ ಕೊಂಬಿಗೆ, ಅಂದರೆ ಮುಂದೆ ಎದ್ದು ನಿಲ್ಲುವ ಗೂಟಕ್ಕೆ, ಗಂಟು ಹಾಕಿಯೇ ಬಿಡುತ್ತಿದ್ದರು. ದನ ಓಡಿ ಹಗ್ಗ ಬಿಗಿದಾಗ ಆ ಜಗ್ಗುವಿಕೆ ಪೂರ್ತಿ ಜೀನಿನ ಮೇಲೆ ಬೀಳುತ್ತದೆ, ಹಿಂಭಾಗ ಮೇಲೇಳುತ್ತದೆ. ಅದಕ್ಕೇ ಮುಂದೊಂದು ಹಿಂದೊಂದು ಎಂದು ಎರಡು ತಂಗು, ಅಂದರೆ ಜೀನನ್ನು ಕುದುರೆಯ ಹೊಟ್ಟೆಗೆ ಬಿಗಿಯುವ ಪಟ್ಟಿ. ಕ್ಯಾಲಿಫೋರ್ನಿಯಾದವರು ಗಂಟು ಹಾಕದೆ ಕೊಂಬಿಗೆ ಹಗ್ಗ ಸುತ್ತಿ, ಬೇಕೆಂದಾಗ ಸಡಿಲಿಸುತ್ತಿದ್ದರು. ಸುತ್ತು ಹಾಕುವುದಕ್ಕೆ ಸ್ಪ್ಯಾನಿಷ್‌ನಲ್ಲಿರುವ 'ದಾರ್ ಲಾ ವ್ವೆಲ್ತಾ' ಎನ್ನುವ ಮಾತೇ ಮುಂದೆ ಇಂಗ್ಲಿಷಿನಲ್ಲಿ ಈ ಬಗೆಗೆ 'ಡ್ಯಾಲಿ' ಎಂಬ ಹೆಸರಾಯಿತು. ಅವರಿಗೆ ಎತ್ತರದ ಕೊಂಬು ಬೇಕಿತ್ತು, ನಟ್ಟನಡುವೆ ಬರುವ ಒಂದೇ ತಂಗು ಸಾಕಿತ್ತು. ಎರಡು ತಂಗಿನ ಜೀನಿಗೆ ಕ್ಯಾಲಿಫೋರ್ನಿಯಾದ ಕೊಂಬು ಕೂರಿಸಿದರೆ ಬಲ್ಲವರ ಕಣ್ಣಿಗೆ ಕೂಡಲೇ ಅಡ್ಡ ಬರುತ್ತದೆ.

ಮೊದಲ ಪ್ರಯತ್ನಕ್ಕೆ ಅಮೆರಿಕದ ಸೈನ್ಯ 1859ರಲ್ಲಿ ಒಪ್ಪಿಕೊಂಡ ಮೆಕ್ಲೆಲನ್ ಜೀನನ್ನು ಹಲವರು ಹೇಳುತ್ತಾರೆ. ಕೊಂಬಿಲ್ಲ, ಕುದುರೆಯ ಪಕ್ಕೆಗೆ ಒರಗುವ ಭಾರಿ ಚರ್ಮದ ಸ್ಕರ್ಟ್ ಇಲ್ಲ, ಆಸನದ ನಡುವೆ ಉದ್ದಕ್ಕೆ ಒಂದು ಸೀಳು. ಸುಲಭ, ನಿಜ. ಆದರೆ ಸುಲಭವೆಂಬ ಕಾರಣಕ್ಕೇ ಅದರಿಂದ ಕಲಿಯುವುದು ಕಡಿಮೆ. ನನ್ನ ಸಲಹೆ, 1870ರ ದಶಕದ ಟೆಕ್ಸಸ್ ಜೀನು. 1867ರಲ್ಲಿ ಕ್ಯಾನ್ಸಸ್‌ನ ಆಬಿಲೀನ್‌ಗೆ ದನದ ಹಿಂಡು ಹೊಡೆದುಕೊಂಡು ಹೋಗುವುದು ಶುರುವಾದ ಮೇಲೆ ಆ ದಾರಿಯ ಸವಾರರು ಕೂತ ಬಗೆಯದು. ಇದರಲ್ಲಿ ಚರ್ಮದ ಆಸನ ಹಿಂದಿನ ಅರ್ಧಕ್ಕೆ ಮಾತ್ರ. ಮುಂದಿನರ್ಧದಲ್ಲಿ ಮರವೂ, ಅದನ್ನು ಸುತ್ತಿ ಇಳಿಯುವ ರಿಕಾಪಿನ (ಸವಾರ ಕಾಲಿಡುವ ಬಳೆ) ಬಾರುಗಳೂ ಬಯಲಾಗಿಯೇ ಕಾಣುತ್ತವೆ. ಮುಂದಿನ ತಂಗಿನ ಬಳೆಯನ್ನು ಹಿಡಿಯುವ ಪಟ್ಟಿ ಕೊಂಬಿನ ಬುಡವನ್ನು ಬಳಸಿ ಎರಡೂ ಕಡೆ ಇಳಿದಿರುತ್ತದೆ. ಇದಕ್ಕೆ ಸ್ಯಾಮ್ ಸ್ಟ್ಯಾಗ್ ಕಟ್ಟು ಎಂದು ಹೆಸರು. ಜೀನು ಹೇಗೆ ನಿಂತಿದೆ ಎನ್ನುವುದನ್ನು ತಾನೇ ತೋರಿಸಿಕೊಡುವ ಜೀನು ಇದು.

ಕಾಲದ ವಿಚಾರದಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತವೆ. ಒಂದು, ಕೊಂಬಿನ ಕೆಳಗಿನ ಕವೆಯನ್ನು, ಅಂದರೆ ಜೀನಿನ ಮುಂದೆ ಕವಲಾಗಿ ನಿಲ್ಲುವ ಮರವನ್ನು, ಎರಡೂ ಪಕ್ಕಕ್ಕೆ ಉಬ್ಬಿಸುವುದು. ಆ ಉಬ್ಬುಗವೆ 20ನೇ ಶತಮಾನದ ಆರಂಭದ್ದು. 1870ರ ದಶಕದ ಕವೆ ತೆಳುವಾಗಿ, ನೇರವಾಗಿ ಇಳಿಯಬೇಕು. ಇನ್ನೊಂದು, ಒತ್ತೊತ್ತಾಗಿ ಸುತ್ತುವ ಬಳ್ಳಿಯೊಳಗೆ ಪುಟ್ಟ ಪುಟ್ಟ ಹೂ ತುಂಬುವುದು. ನೋಡಲು ಚೆಂದವೇ, ಆದರೆ ಅದು ವಯೋಮಿಂಗ್‌ನ ಶೆರಿಡನ್ ಊರಿನಲ್ಲಿ 20ನೇ ಶತಮಾನದಲ್ಲಿ ಬೆಳೆದ ಶೈಲಿ. ದನದ ಹಾದಿಯ ಜೀನಿಗೆ ಅಂಚಿನಲ್ಲೊಂದು ಗೆರೆ, ಹೆಚ್ಚೆಂದರೆ ಸರಳ ಅಚ್ಚಿನ ಸಾಲು ಸಾಕು.

ಅಸಲಿ ಜೀನು ನೋಡುವ ಅವಕಾಶವಿದ್ದರೆ ಬಿಡಬೇಡಿ. ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಓಕ್ಲಹೋಮ ಸಿಟಿಯ ನ್ಯಾಷನಲ್ ಕೌಬಾಯ್ ಆ್ಯಂಡ್ ವೆಸ್ಟರ್ನ್ ಹೆರಿಟೇಜ್ ಮ್ಯೂಸಿಯಂನಲ್ಲಿ ಅರ್ಧ ದಿನ ಕಳೆದೆ. ಲಾಸ್ ಏಂಜಲೀಸ್‌ನ ಆಟ್ರಿ ಮ್ಯೂಸಿಯಂ, ಶೆರಿಡನ್‌ನ ಡಾನ್ ಕಿಂಗ್ ಸಂಗ್ರಹಾಲಯ ಕೂಡ ಜೀನುಗಳಿಗೆ ಹೆಸರಾದವು. ಆ ಕಡೆ ಇರುವ ಕನ್ನಡಿಗರು ಒಂದು ರಜೆಯ ದಿನ ಹೋಗಿ ಬರಬಹುದು. ಫೋಟೋ ತೆಗೆಯುವಾಗ ಪಕ್ಕದಿಂದ, ನೇರ ಹಿಂದಿನಿಂದ, ಸಾಧ್ಯವಾದರೆ ಮೇಲಿನಿಂದ ತೆಗೆಯಿರಿ. ಎಲ್ಲರೂ ತೆಗೆಯುವ ಮುಕ್ಕಾಲು ಕೋನದ ಚಿತ್ರ ಅಳತೆಗೆ ಉಪಯೋಗಕ್ಕೆ ಬರುವುದಿಲ್ಲ.

ಅಳತೆ

ನಾನು 1:6 ಪ್ರಮಾಣ ಹಿಡಿಯುತ್ತೇನೆ. ಇದಕ್ಕಿಂತ ಚಿಕ್ಕದಾದರೆ ಬಾರುಗಳು ದಾರವಾಗಿಬಿಡುತ್ತವೆ. ಕವೆಯಿಂದ ಕ್ಯಾಂಟಲ್‌ವರೆಗಿನ ಆಸನ ಸುಮಾರು 38 ಸೆಂ.ಮೀ. ಇದ್ದರೆ ನಮ್ಮದು 6.3 ಸೆಂ.ಮೀ. ಕ್ಯಾಂಟಲ್ ಎಂದರೆ ಸವಾರನ ಬೆನ್ನ ಹಿಂದೆ ಎದ್ದು ನಿಲ್ಲುವ ಅಂಚು. ಸ್ಕರ್ಟ್, ಅಂದರೆ ಜೀನಿನಡಿ ಕುದುರೆಯ ಪಕ್ಕೆಗೆ ಒರಗುವ ಅಗಲದ ಚರ್ಮ, ಅಸಲಿಯಲ್ಲಿ 68 ಸೆಂ.ಮೀ. ಉದ್ದವಿದ್ದರೆ ನಮಗೆ 11.3. ಚರ್ಮದ ದಪ್ಪ 4-5 ಮಿ.ಮೀ.; ನಮಗೆ 0.7ರಿಂದ 0.8.

ಹೊಲಿಗೆಯಲ್ಲಿ ಮಾತ್ರ ಲೆಕ್ಕವನ್ನು ಕುರುಡಾಗಿ ನಂಬಬೇಡಿ. ಅಸಲಿಯಲ್ಲಿ ಇಂಚಿಗೆ 8 ಹೊಲಿಗೆ ಬಿದ್ದರೆ 1:6ರಲ್ಲಿ ಇಂಚಿಗೆ 48 ಬೀಳಬೇಕು. ಕೈಯಲ್ಲಿ ಅದು ಆಗದ ಮಾತು, ಹೇಗೋ ಮಾಡಿದರೂ ಕಂಚಿನ ಲೇಪ ಅದನ್ನು ನುಂಗಿಬಿಡುತ್ತದೆ. ಇಂಚಿಗೆ 20ರಿಂದ 24 ಇಟ್ಟರೆ ಕಣ್ಣು ಒಪ್ಪಿಕೊಳ್ಳುತ್ತದೆ.

ಮರ, ಹತಾರ, ಮತ್ತು ಒಂದು ಕುದುರೆ ಬೆನ್ನು

ಅಮೆರಿಕದ ಕೆತ್ತನೆಗಾರರು ಬಾಸ್‌ವುಡ್ ಬಳಸುತ್ತಾರೆ. ಇಲ್ಲಿ ಅದಕ್ಕೆ ಸರಿಸಾಟಿಯಾಗಿ ನಿಲ್ಲುವುದು ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ. ಬಿಳಿ, ನುಣುಪು, ಎಳೆ ಸಣ್ಣ. ಅಡ್ಡಕ್ಕೆ ಕೊಯ್ದರೂ ಅಂಚು ಉದುರುವುದಿಲ್ಲ. ಚೆನ್ನಾಗಿ ಒಣಗಿದ ತುಂಡನ್ನೇ ಆರಿಸಿ. ತೇಗ ಬೇಡ: ಅದರ ಎಣ್ಣೆ ಲೇಪವನ್ನು ಹಿಡಿಯಗೊಡುವುದಿಲ್ಲ, ಅದರ ರಂಧ್ರಗಳು ಕಂಚಿನ ಮೇಲೂ ಎದ್ದು ಕಾಣುತ್ತವೆ.

ಬೇಕಾದ ಹತಾರ ಬಹಳವಿಲ್ಲ. ಒಂದು ಹರಿತವಾದ ಕೆತ್ತನೆ ಚಾಕು, 3 ಮತ್ತು 6 ಮಿ.ಮೀ.ನ ಎರಡು ಗುಂಡುಳಿ, ಒಂದು ವಿ ಆಕಾರದ ಉಳಿ, ಸಣ್ಣ ಅರಗಳ ಒಂದು ಸೆಟ್ಟು, ಚಿಮಟ, ಉಪ್ಪು ಕಾಗದ 150ರಿಂದ 400ರವರೆಗೆ. ಎಡಗೈಗೆ ಚರ್ಮದ ಹೆಬ್ಬೆರಳ ಕವಚ ಹಾಕಿಕೊಳ್ಳಿ.

ಇನ್ನೊಂದನ್ನು ಎಲ್ಲಕ್ಕಿಂತ ಮೊದಲು ಮಾಡಿಕೊಳ್ಳಿ: ಕುದುರೆಯ ಬೆನ್ನು. ನೀರಿನ ಕೆಲಸಕ್ಕೆ ಬರುವ 110 ಮಿ.ಮೀ. ಪಿವಿಸಿ ಪೈಪಿನ 15 ಸೆಂ.ಮೀ. ತುಂಡನ್ನು ಉದ್ದಕ್ಕೆ ಸೀಳಿದರೆ 1:6ರ ಕುದುರೆಯ ಮೈಯಗಲಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಆದರೆ ಕುದುರೆಯ ಬೆನ್ನು ಪೈಪಿನ ಹಾಗೆ ಪೂರ್ತಿ ದುಂಡಲ್ಲ, ನಡುವೆ ಮನೆ ಮಾಡಿನ ಹಾಗೆ ಏರಿರುತ್ತದೆ. ಎಂ-ಸೀಲ್‌ನಿಂದ ನೆತ್ತಿಯ ಮೇಲೆ ಒಂದು ದಿಬ್ಬ ಕಟ್ಟಿ, ಮುಂದಿನ ಹೆಗಲ ಕಡೆ ಸ್ವಲ್ಪ ಎತ್ತರಿಸಿ. ಜೀನಿನ ಪ್ರತಿಯೊಂದು ಭಾಗವನ್ನೂ ಇದರ ಮೇಲಿಟ್ಟು ನೋಡುತ್ತಲೇ ಕೆತ್ತಬೇಕು. ಗಾಳಿಯಲ್ಲಿ ಹಿಡಿದು ಕೆತ್ತಿದ ಜೀನು ಯಾವ ಕುದುರೆಯ ಮೇಲೂ ಕೂರುವುದಿಲ್ಲ.

ಟ್ರೀ ಕೆತ್ತುವುದು

10 × 6 × 6 ಸೆಂ.ಮೀ. ದಿಮ್ಮಿ ತೆಗೆದುಕೊಳ್ಳಿ, ಎಳೆ ಉದ್ದಕ್ಕೆ ಹರಿಯುವಂತಿರಲಿ. ಪಕ್ಕದ ನೋಟವನ್ನು ಕಾಗದದ ಮೇಲೆ ಬರೆದು ಅಂಟಿಸಿ, ಸಣ್ಣ ಗರಗಸದಿಂದ ಹೊರಗೆರೆ ಕೊಯ್ಯಿರಿ. ಆಮೇಲೆ ಕೆಳಭಾಗ. ಬೆನ್ನಿನ ಅಚ್ಚಿನ ಮೇಲೆ ಕಾರ್ಬನ್ ಕಾಗದ ಇಟ್ಟು ದಿಮ್ಮಿಯನ್ನು ಒತ್ತಿ, ಕಪ್ಪು ತಗುಲಿದಲ್ಲಿ ಕೆರೆದು, ಮತ್ತೆ ಒತ್ತಿ. ಬೆನ್ನಿನ ಎರಡು ಪಕ್ಕಕ್ಕೆ ಕೂರುವ ಅಡಿಹಲಗೆಗಳು ಪೂರ್ತಿ ಒರಗುವವರೆಗೆ, ಆದರೆ ನಟ್ಟನಡುವೆ ಬೆನ್ನುಮೂಳೆಯ ಮೇಲೆ ಒಂದು ಓಣಿ ಖಾಲಿ ಉಳಿಯುವವರೆಗೆ ಇದು ನಡೆಯಬೇಕು. ಆ ಓಣಿ ಅಲಂಕಾರವಲ್ಲ. ಅಸಲಿ ಜೀನಿನಲ್ಲಿ ಅದಿಲ್ಲದಿದ್ದರೆ ಕುದುರೆಯ ಬೆನ್ನು ಹುಣ್ಣಾಗುತ್ತದೆ.

ಇನ್ನು ಮೇಲ್ಭಾಗ. ಆಸನ ಬಟ್ಟಲಿನ ಹಾಗಲ್ಲ; ಮುಂದೆ ಕಿರಿದಾಗಿ, ಹಿಂದೆ ಅಗಲವಾಗಿ, ಕ್ಯಾಂಟಲ್‌ಗೆ ಸರ್ರನೆ ಏರಬೇಕು. ಆ ಕಾಲದ ಕ್ಯಾಂಟಲ್ ಎತ್ತರ, ಅಸಲಿಯಲ್ಲಿ 11-12 ಸೆಂ.ಮೀ.ವರೆಗೆ, ನಮ್ಮದರಲ್ಲಿ 2 ಸೆಂ.ಮೀ. ಇರಲಿ. ಅದರ ತುದಿಯ ದಪ್ಪ 2 ಮಿ.ಮೀ.ಗೆ ಇಳಿಸಿ. ಅಲ್ಲಿ ಎಳೆ ಅಡ್ಡ ಬರುವುದರಿಂದ ಮುರಿಯುವ ಭಯ ಇದ್ದೇ ಇದೆ. ತೆಳು ಫೆವಿಕ್ವಿಕ್ ಒಂದು ಹನಿ ಇಂಗಿಸಿದರೆ ಮರ ಗಟ್ಟಿಯಾಗುತ್ತದೆ, ಆಮೇಲೆ ಧೈರ್ಯವಾಗಿ ತೆಳು ಮಾಡಿ.

ಕೊಂಬನ್ನು ಇದೇ ದಿಮ್ಮಿಯಲ್ಲಿ ಕೆತ್ತಲು ಹೋಗಬೇಡಿ. ಎಳೆ ಅಡ್ಡವಾಗಿ ಕುತ್ತಿಗೆಯಲ್ಲೇ ಮುರಿಯುತ್ತದೆ. ಬೇರೆ ತುಂಡಿನಲ್ಲಿ ಎಳೆ ಮೇಲಕ್ಕೆ ಹರಿಯುವಂತೆ ಕೆತ್ತಿ, ಒಳಗೊಂದು ಹಿತ್ತಾಳೆ ತಂತಿಯ ಮೊಳೆ ಇಟ್ಟು ಕವೆಗೆ ಕೂರಿಸಿ. ನೆತ್ತಿ ಚಪ್ಪಟೆ, ಮುಂದಕ್ಕೆ ತುಸುವೇ ಎತ್ತಿದಂತಿರಲಿ.

ಮುಂದಿನರ್ಧ ಬಯಲಾಗಿರುವುದರಿಂದ ಅಲ್ಲಿ ಹಸಿ ತೊಗಲಿನ ಹೊದಿಕೆ ಕಾಣಬೇಕು. ಅಂಚುಗಳ ಮೇಲೆ ತೊಗಲಿನ ದಾರದ ಹೊಲಿಗೆ ದಪ್ಪವಾಗಿ, ಸ್ವಲ್ಪ ಸೊಟ್ಟಪಟ್ಟವಾಗಿ ಎದ್ದಿರಲಿ. ಇದನ್ನು ಕೆತ್ತುವುದಕ್ಕಿಂತ ಹತ್ತಿಯ ಗಟ್ಟಿ ದಾರವನ್ನೇ ಅಂಟಿಸಿದರೆ ಸಹಜವಾಗಿ ಬರುತ್ತದೆ.

ಸ್ಕರ್ಟ್, ಆಸನ, ಬಾರು

ಸ್ಕರ್ಟ್‌ಗಳನ್ನು ಎರಡು ಪ್ರತ್ಯೇಕ ತುಂಡುಗಳಲ್ಲಿ, ಬೆನ್ನಿನ ಅಚ್ಚಿಗೆ ಒರಗುವ ಬಾಗು ಕೊಟ್ಟು ಕೆತ್ತಿ. ಇಡೀ ತುಂಡನ್ನು 0.8 ಮಿ.ಮೀ.ಗೆ ಇಳಿಸಬೇಕಿಲ್ಲ, ಇಳಿಸಿದರೆ ಉಳಿಯುವುದೂ ಇಲ್ಲ. ನಡುವೆ 2 ಮಿ.ಮೀ. ಬಿಟ್ಟು, ಅಂಚಿನಿಂದ ಒಂದು ಬೆರಳಗಲ ಒಳಗಿನವರೆಗೆ ಕೆಳಗಿನಿಂದ ಇಳಿಜಾರಾಗಿ ಕೆರೆಯಿರಿ. ಕಣ್ಣಿಗೆ ಕಾಣುವುದು ಅಂಚು ಮಾತ್ರ. ಅದು ತೆಳುವಾದರೆ ಇಡೀ ಹಾಳೆ ತೆಳುವೆಂದೇ ಮನಸ್ಸು ನಂಬುತ್ತದೆ. ಅಡಿಯಲ್ಲಿ ಬೀಳುವ ನೆರಳೂ ಆಗಲೇ ಸರಿಯಾಗುತ್ತದೆ.

ಆಸನದ ಹಿಂದಿನರ್ಧ, ಬಾರು, ಸ್ಯಾಮ್ ಸ್ಟ್ಯಾಗ್ ಪಟ್ಟಿ, ರಿಕಾಪಿನ ಬಾರಿಗೆ ತಗುಲಿ ಸವಾರನ ಕಾಲನ್ನು ಕುದುರೆಯ ಬೆವರಿನಿಂದ ಕಾಯುವ ಫೆಂಡರ್: ಇವಕ್ಕೆ ಮರ ಬೇಡ. ಪುಸ್ತಕ ಕಟ್ಟುವವರು ಬಳಸುವ ತೆಳು ಆಡಿನ ಚರ್ಮ ತನ್ನಿ. ನೀರಿನಲ್ಲಿ ನೆನೆಸಿ, ಟ್ರೀ ಮೇಲೆ ಎಳೆದು ಕೂರಿಸಿ, ಒಂದು ರಾತ್ರಿ ಒಣಗಲು ಬಿಡಿ. ಮರುದಿನ ಅದೇ ಆಕಾರದಲ್ಲಿ ನಿಂತಿರುತ್ತದೆ. ಚರ್ಮಕ್ಕೆ ಹೊಲಿಗೆಯ ಸಾಲು ಹಾಕಬೇಕಾದದ್ದು ಒದ್ದೆಯಿರುವಾಗಲೇ. ಹಳೆಯ ಕೈಗಡಿಯಾರದ ಹಲ್ಲುಚಕ್ರವೊಂದನ್ನು ಹಿಡಿಗೆ ಸಿಕ್ಕಿಸಿ ಉರುಳಿಸಿದರೆ ಸಮನಾದ ಚುಕ್ಕಿಗಳು ಬೀಳುತ್ತವೆ. ಒಣಗಿದ ಮೇಲೆ ತೆಳು ಅರಗಿನ ಪಾಲಿಶ್ ಕುಡಿಸಿ ಗಟ್ಟಿ ಮಾಡಿ.

ರಿಕಾಪು ಅಗಲದ ಮರದ ಪಟ್ಟಿಯನ್ನು ಬಗ್ಗಿಸಿ ಮಾಡಿದ್ದು, ಒಳಗಲ 2 ಸೆಂ.ಮೀ. ಸಾಕು. ತೆಳು ಪಟ್ಟಿಯನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಪೆನ್ಸಿಲ್ಲಿಗೆ ಸುತ್ತಿ ಕಟ್ಟಿದರೆ ಬಾಗು ನಿಲ್ಲುತ್ತದೆ. ಬಳೆಗಳಿಗೆ ತಾಮ್ರದ ತಂತಿ.

ರಿಕಾಪು ತೂಗುವ ರೀತಿಯ ಬಗ್ಗೆ ಒಂದು ಮಾತು. ಹೊಸ ಜೀನಿನಲ್ಲಿ ರಿಕಾಪು ಕುದುರೆಯ ಮೈಗೆ ಸಮಾನಾಂತರವಾಗಿ, ಬಾಗಿಲ ಪರದೆಯ ಹಾಗೆ ಚಪ್ಪಟೆ ತೂಗುತ್ತದೆ. ವರ್ಷಗಟ್ಟಲೆ ಸವಾರಿ ಕಂಡ ಜೀನಿನಲ್ಲಿ ಬಾರು ತಿರುಚಿಕೊಂಡು ರಿಕಾಪಿನ ಬಾಯಿ ಮುಂದಕ್ಕೆ ತಿರುಗಿರುತ್ತದೆ, ಕಾಲು ನೇರ ಒಳಹೋಗುವಂತೆ. ಬಾರನ್ನು ಒದ್ದೆ ಮಾಡಿ ತಿರುಚಿ, ಬಟ್ಟೆ ಕ್ಲಿಪ್ಪಿನಲ್ಲಿ ಹಿಡಿದು ಒಣಗಿಸಿ. ಇದೊಂದರಿಂದಲೇ ನಿಮ್ಮ ಜೀನಿಗೆ ಒಬ್ಬ ಸವಾರ ಇದ್ದನೆಂದು ನೋಡುವವರಿಗೆ ಗೊತ್ತಾಗುತ್ತದೆ.

ಕಂಚಿನ ಮೈ

ಮನೆಯಲ್ಲಿ ಮಾಡಬಹುದಾದದ್ದು ಕಂಚಿನ ಪುಡಿಯ ಲೇಪ. ಅಂಗಡಿಯಲ್ಲಿ ಕೊಳ್ಳುವಾಗ ಅದು ನಿಜವಾದ ಲೋಹದ ಪುಡಿಯೇ ಎಂದು ಕೇಳಿ. 'ಬ್ರಾಂಜ್' ಹೆಸರಿನಲ್ಲಿ ಸಿಗುವ ಬಣ್ಣಗಳಲ್ಲಿ ಅನೇಕವು ಬರೀ ಅಭ್ರಕ. ಅವು ಹೊಳೆಯುತ್ತವೆ, ಆದರೆ ಮುಂದೆ ಹಾಕುವ ಔಷಧಕ್ಕೆ ಕಪ್ಪಾಗುವುದಿಲ್ಲ.

ಮೊದಲು ಇಡೀ ಜೀನಿಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ತೆಳು ಅರಗನ್ನು ಎರಡು ಸಲ ಹಚ್ಚಿ, ಒಣಗಿದ ಮೇಲೆ 400ರ ಕಾಗದದಲ್ಲಿ ಹಗುರವಾಗಿ ಉಜ್ಜಿ. ಒಳಗೂ, ಅಡಿಯಲ್ಲೂ ಹಚ್ಚಬೇಕು. ಹೊರಮೈಯನ್ನಷ್ಟೇ ಮುಚ್ಚಿದರೆ ಮಳೆಗಾಲದಲ್ಲಿ ಮರ ಅಡಿಯಿಂದ ತೇವ ಎಳೆದು ಲೇಪ ಬಿರಿಯುತ್ತದೆ. ನಂತರ ನಿಧಾನವಾಗಿ ಗಟ್ಟಿಯಾಗುವ ತೆಳು ಎಪಾಕ್ಸಿಗೆ, ತೂಕದಲ್ಲಿ ಅದರ ಮೂರರಷ್ಟು ಕಂಚಿನ ಪುಡಿ ಕಲಸಿ, ಗಟ್ಟಿ ಕೂದಲಿನ ಕುಂಚದಲ್ಲಿ ಉಜ್ಜಿದಂತೆ ಹಚ್ಚಿ. ಬಳಿಯಬೇಡಿ, ಉಜ್ಜಿ. ಗೆರೆಗಳಲ್ಲಿ ನಿಂತದ್ದನ್ನು ಒಣ ಕುಂಚದಿಂದ ಎತ್ತಿಬಿಡಿ. ಕೈಗೆ ಅಂಟಂಟು ಎನ್ನುವ ಹದಕ್ಕೆ ಬಂದಾಗ ಒಣ ಪುಡಿಯನ್ನು ಮೃದು ಕುಂಚದಲ್ಲಿ ಉದುರಿಸಿ ಒತ್ತಿ. ಎರಡು ದಿನ ಮುಟ್ಟಬೇಡಿ. ಪುಡಿ ಹಾರುವುದರಿಂದ ಎನ್-95 ಮುಖಗವಸು, ಎಪಾಕ್ಸಿಗೆ ಕೈಗವಸು ಬೇಕೇ ಬೇಕು. ಹತ್ತಿರದಲ್ಲಿ ದೀಪ, ಒಲೆ ಇರಕೂಡದು, ಸಣ್ಣ ಲೋಹದ ಪುಡಿಗೆ ಬೆಂಕಿ ಹತ್ತುತ್ತದೆ.

ನನ್ನ ಮೊದಲ ಜೀನನ್ನು ನಾನು ಕಳೆದುಕೊಂಡದ್ದು ಇಲ್ಲಿಯೇ. ಎರಡು ವಾರ ಕೂತು ಫೆಂಡರ್ ಮೇಲೆ ಬುಟ್ಟಿ ಹೆಣಿಗೆಯಂಥ ಅಚ್ಚು ಹಾಕಿದ್ದೆ. ಲೇಪ ಚೆನ್ನಾಗಿ ಹಿಡಿಯಲೆಂದು ದಪ್ಪ ಹಚ್ಚಿದೆ. ಮರುದಿನ ನೋಡಿದರೆ ಹೆಣಿಗೆಯಿದ್ದ ಜಾಗದಲ್ಲಿ ಮೊಸರು ಹೆಪ್ಪಾದಂತೆ ನುಣ್ಣಗಿನ ಮೈ. ಕೆರೆದು ತೆಗೆಯುವುದು ಸಾಧ್ಯವಾಗಲಿಲ್ಲ. ಅಂದಿನಿಂದ ಪ್ರತಿಯೊಂದು ಗೆರೆಯನ್ನೂ ಕಣ್ಣಿಗೆ ಅತಿ ಎನಿಸುವಷ್ಟು ಆಳ ಮಾಡುತ್ತೇನೆ. ತೆಳು ಲೇಪವೂ ಗೆರೆಯ ಎರಡೂ ದಡದಿಂದ ಸ್ವಲ್ಪ ಸ್ವಲ್ಪ ತಿನ್ನುತ್ತದೆ, 0.3 ಮಿ.ಮೀ. ಸಾಕೆನಿಸಿದಲ್ಲಿ 0.5 ಕೊರೆಯಿರಿ.

ವಿದ್ಯುತ್ತಿನಿಂದ ತಾಮ್ರ ಕೂರಿಸುವ ದಾರಿಯೂ ಇದೆ. ಅಮೆರಿಕದಲ್ಲಿ ಮಗುವಿನ ಮೊದಲ ಬೂಟನ್ನು 'ಕಂಚು ಮಾಡಿಸಿ' ಇಡುವ ಪದ್ಧತಿಯಿದೆಯಲ್ಲ, ಅದು ಹೀಗೆ ಆಗುವಂಥದ್ದು. ವಿದ್ಯುತ್ ಹರಿಯುವ ಬಣ್ಣ ಹಚ್ಚಿ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಮುಳುಗಿಸಬೇಕು. ದ್ರಾವಣದಲ್ಲಿ ಆಮ್ಲವಿರುವುದರಿಂದ ಅನುಭವಿಗಳ ಜೊತೆಗಲ್ಲದೆ ಮಾಡಬೇಡಿ.

ನಿಜವಾದ ಎರಕವೇ ಬೇಕೆನ್ನುವವರು ಮರದ ಜೀನಿನಿಂದ ಸಿಲಿಕಾನ್ ರಬ್ಬರಿನ ಅಚ್ಚು ತೆಗೆದು, ಅದರಲ್ಲಿ ಮೇಣದ ಪ್ರತಿ ಮಾಡಿ ಎರಕದವರಿಗೆ ಕೊಡಬೇಕು. ರಿಕಾಪು, ಫೆಂಡರ್ ಬೇರೆ ಬೇರೆಯಾಗಿ ಎರೆಸಿ ಆಮೇಲೆ ಜೋಡಿಸುವುದು ಒಳ್ಳೆಯದು. ಪಶ್ಚಿಮದ ಕುದುರೆ ಸವಾರರನ್ನು ಕಂಚಿನಲ್ಲಿ ನಿಲ್ಲಿಸಿದ ಫ್ರೆಡರಿಕ್ ರೆಮಿಂಗ್ಟನ್ 1895ರ ತನ್ನ ಮೊದಲ ಶಿಲ್ಪವನ್ನು ಮರಳಿನ ಅಚ್ಚಿನಲ್ಲಿ ಎರೆಸಿದ್ದ. ಕೆಲವೇ ವರ್ಷಗಳಲ್ಲಿ ನ್ಯೂಯಾರ್ಕಿನ ರೋಮನ್ ಬ್ರಾಂಜ್ ವರ್ಕ್ಸ್‌ನ ಮೇಣದ ಎರಕಕ್ಕೆ, ಅಂದರೆ ಅಚ್ಚಿನೊಳಗಿನ ಮೇಣವನ್ನು ಕರಗಿಸಿ ತೆಗೆದು ಆ ಜಾಗಕ್ಕೆ ಲೋಹ ಹೊಯ್ಯುವ ಬಗೆಗೆ, ಬದಲಾದ. ಸೂಕ್ಷ್ಮ ವಿವರ ಉಳಿಯುವುದು ಅದರಲ್ಲೇ. ಈ ವಿದ್ಯೆ ನಮಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಮೇಣವನ್ನು ಮೊದಲು ತೂಗಿ, ಅದರ ಲೆಕ್ಕದಲ್ಲಿ ಲೋಹ ತೆಗೆದುಕೊಳ್ಳಬೇಕೆಂದು ಬರೆದಿಟ್ಟಿದ್ದಾನೆ. ಇವತ್ತಿಗೂ ಲೆಕ್ಕ ಅದೇ: ಕಂಚು ಮೇಣಕ್ಕಿಂತ ಒಂಬತ್ತು ಪಟ್ಟಿಗೂ ಮೇಲೆ ತೂಗುತ್ತದೆ, ಲೋಹ ಒಳಹರಿಯುವ ನಾಳಗಳಿಗೆ ಬೇಕಾದದ್ದು ಬೇರೆ.

ಬಣ್ಣ ತರುವುದು

ಲೇಪ ಗಟ್ಟಿಯಾದ ಮೇಲೆ ಜೀನು ಮಣ್ಣಿನಂತೆ ಮಂಕಾಗಿರುತ್ತದೆ. ಹೆದರಬೇಡಿ. ಪಾತ್ರೆ ತಿಕ್ಕುವ ನೈಲಾನ್ ನಾರಿನಿಂದ ಉಜ್ಜಿದರೆ ಎಪಾಕ್ಸಿಯ ತೆಳು ಪೊರೆ ಹೋಗಿ ಲೋಹ ಎದ್ದು ಬರುತ್ತದೆ. ಉಕ್ಕಿನ ನಾರು ಬೇಡ. ಅದರ ಚೂರು ಹೊಲಿಗೆಯಲ್ಲಿ ಸಿಕ್ಕಿಕೊಂಡು ಆರು ತಿಂಗಳಲ್ಲಿ ತುಕ್ಕಿನ ಚುಕ್ಕೆಯಾಗುತ್ತದೆ.

ಆಭರಣ ಕೆಲಸದವರಿಗೆ ಮಾರುವ 'ಲಿವರ್ ಆಫ್ ಸಲ್ಫರ್' ಬಟಾಣಿಯಷ್ಟನ್ನು 200 ಮಿ.ಲೀ. ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಕಿಟಕಿ ತೆರೆದಿಟ್ಟು ಕುಂಚದಲ್ಲಿ ಹಚ್ಚಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಯಾವ ಆಮ್ಲವೂ, ನಿಂಬೆರಸ ಕೂಡ, ಇದಕ್ಕೆ ಬೀಳಬಾರದು, ವಿಷಾನಿಲ ಏಳುತ್ತದೆ. ನಿಮಿಷದೊಳಗೆ ಹೊಂಬಣ್ಣ ಕಂದಾಗಿ, ಕಪ್ಪಿಗೆ ತಿರುಗುತ್ತದೆ. ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ನಿಲ್ಲಿಸಿ. ಎರಕದವರು ಮಾಡುವ ಹಾಗೆ ಬೆಂಕಿಯಲ್ಲಿ ಕಾಯಿಸಿ ಬಣ್ಣ ತರುವುದು ಇಲ್ಲಿ ನಡೆಯದು, ಒಳಗಿರುವುದು ಮರ.

ಈಗ ಮತ್ತೆ ಉಜ್ಜಿ ಕೆಲವೆಡೆ ಹೊಳಪು ತರಬೇಕು. ಸಾಮಾನ್ಯವಾಗಿ ಎಲ್ಲ ಉಬ್ಬುಗಳನ್ನೂ ಒಂದೇ ಸಮ ಉಜ್ಜಿಬಿಡುತ್ತಾರೆ. ಹಾಗೆ ಮಾಡದೆ, ಸವಾರ ಎಲ್ಲೆಲ್ಲಿ ಸವೆಸಿದ್ದನೋ ಅಲ್ಲಿ ಮಾತ್ರ ಉಜ್ಜಿ: ಹಗ್ಗ ಎಳೆದಾಡಿದ ಕೊಂಬಿನ ಕುತ್ತಿಗೆ, ಅಂಗೈ ಊರುತ್ತಿದ್ದ ಕೊಂಬಿನ ನೆತ್ತಿ, ಕೂತು ಕೂತು ನುಣುಪಾದ ಆಸನದ ನಡುಭಾಗ, ಹತ್ತುವಾಗ ಕೈ ಹಿಡಿಯುವ, ಕಾಲು ತಾಗುವ ಕ್ಯಾಂಟಲ್ ಅಂಚು, ಬೂಟು ಮೆಟ್ಟಿದ ರಿಕಾಪಿನ ತಳ. ಸವಾರ ಹತ್ತುವುದು ಕುದುರೆಯ ಎಡಗಡೆಯಿಂದ, ಆದ್ದರಿಂದ ಎಡ ರಿಕಾಪಿನ ತಳ ಬಲದ್ದಕ್ಕಿಂತ ತುಸು ಹೆಚ್ಚೇ ಹೊಳೆಯಲಿ. ಸ್ಕರ್ಟಿನ ಮೂಲೆ, ಪದರಗಳ ಸಂದು, ಕವೆಯ ಅಡಿ ಕಪ್ಪಾಗಿಯೇ ಇರಲಿ.

ಕೊನೆಗೆ ಬಣ್ಣವಿಲ್ಲದ ಮೇಣವನ್ನು ಬೆರಳ ತುದಿಯಲ್ಲಿ ತೆಳುವಾಗಿ ಸವರಿ, ಅರ್ಧ ಗಂಟೆ ಬಿಟ್ಟು ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ. ಸ್ಕರ್ಟಿನ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ನಿಮ್ಮ ಹೆಸರಿನ ಮೊದಲಕ್ಷರ, ವರ್ಷ, 1:6 ಎಂದು ಸೂಜಿಯಿಂದ ಗೀರಿಡಿ. ಪೈಪಿನ ಬೆನ್ನಿಗೆ ಕಡು ಬಣ್ಣದ ಕಂಬಳಿ ಬಟ್ಟೆಯ ತುಂಡೊಂದನ್ನು ಹೊದಿಸಿ ಜೀನನ್ನು ಅದರ ಮೇಲೆ ಕೂರಿಸಿ. ಬೆಳಕು ಪಕ್ಕದಿಂದ ಬೀಳುವ ಜಾಗ ನೋಡಿ ಇಡಿ. ನೇರ ಮೇಲಿನ ಬೆಳಕಿನಲ್ಲಿ ನೀವು ಕೆರೆದು ತೆಳು ಮಾಡಿದ ಆ ಅಂಚಿನ ನೆರಳು ಕಾಣುವುದಿಲ್ಲ.